ಹೀಲಿಯಂ ಸೋಸುವ ಚಳಿಯಕ್ಕ

ಇನ್ನೂ ಬೆಳಕು ಹರಿದಿಲ್ಲ. ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಪಂಪುಗಳು ಗುರುಗುಟ್ಟುತ್ತಿವೆ. ಮೊಣಕೈವರೆಗೆ ದಪ್ಪ ಕೈಗವಸು ತೊಟ್ಟ ಐವತ್ತರ ಆಸುಪಾಸಿನ ಹೆಂಗಸೊಬ್ಬರು ದ್ರವ ಸಾರಜನಕವನ್ನು ಅಗಲಬಾಯಿಯ ಫ್ಲಾಸ್ಕಿಗೆ ಸುರಿಯುತ್ತಿದ್ದಾರೆ. ಬಿಳಿ ಹೊಗೆ ಇಳಿದು ಕಾಲಬುಡದಲ್ಲಿ ಹರಡುತ್ತದೆ. ಹಾಲು ಉಕ್ಕದಂತೆ ಕಾಯುವವರ ಹಾಗೆ ಅವರ ಕಣ್ಣು ಫ್ಲಾಸ್ಕಿನ ಅಂಚಿನಲ್ಲೇ ಇದೆ. ಇಲ್ಲಿ ಎಲ್ಲರ ಬಾಯಲ್ಲೂ ಅವರು ಚಳಿಯಕ್ಕ.

ಪಕ್ಕದ ಕೋಣೆಯ ಕ್ವಾಂಟಂ ಕಂಪ್ಯೂಟರಿನ ಜೀವವೆಲ್ಲ ಕ್ಯೂಬಿಟ್ ಎಂಬ ಸೂಕ್ಷ್ಮ ಘಟಕಗಳಲ್ಲಿದೆ. ಹೇಳಿ ಕೇಳಿ ನಾಜೂಕಿನವು, ಒಂದಿಷ್ಟು ಬಿಸಿ ತಾಗಿದರೂ ಲೆಕ್ಕ ತಪ್ಪುತ್ತವೆ. ಅವನ್ನು ತಣ್ಣಗಿಡುವುದು ಕೊಳವೆಗಳಲ್ಲಿ ಸುತ್ತುವ ಹೀಲಿಯಂ. ಅದರೊಳಗೆ ಗಾಳಿ ಸೇರಿದರೆ ಹೆಪ್ಪುಗಟ್ಟಿ ಕೊಳವೆಯೇ ಮುಚ್ಚಿಹೋಗುತ್ತದೆ. ಅದಕ್ಕೇ ಇದ್ದಿಲು ತುಂಬಿದ ಸೋಸುಗವನ್ನು ಕೊರೆಯುವ ಆ ದ್ರವ ಸಾರಜನಕದಲ್ಲಿ ಮುಳುಗಿಸಿಡುತ್ತಾರೆ. ಆ ಚಳಿಗೆ ಗಾಳಿ, ಕೊಳೆಯೆಲ್ಲ ಇದ್ದಿಲಿಗೆ ಅಂಟಿಕೊಂಡು, ಶುದ್ಧ ಹೀಲಿಯಂ ಮುಂದೆ ಹೋಗುತ್ತದೆ.

"ಚಾ ಸೋಸಿದ ಹಾಗೇ ಕಣಪ್ಪಾ" ಎಂದು ಚಳಿಯಕ್ಕ ನಗುತ್ತಾರೆ. "ಆದ್ರೆ ಇಲ್ಲಿ ಗಸಿ ಒಳಗೆ ಹೋಯ್ತೋ, ಉಗುಳೋಕಾಗಲ್ಲ."

ಹೊಸ ಸೋಸುಗವನ್ನು ಮುಳುಗಿಸುವ ಮೊದಲು ಅದರೊಳಗಿನ ಗಾಳಿಯನ್ನು ಪಂಪಿನಿಂದ ಪೂರ್ತಿ ಎಳೆಯಬೇಕು. ಕಳೆದ ತಿಂಗಳು ಸರಿಯಾಗಿ ಆ ಹೊತ್ತಿಗೇ ಮನೆಯಿಂದ ಫೋನು ಬಂತು. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಗಾಬರಿಯಲ್ಲಿ ಚಳಿಯಕ್ಕ ಗಾಳಿ ಎಳೆಯದೆಯೇ ಸೋಸುಗ ಮುಳುಗಿಸಿ, ಜೋಡಿಸಿ, ಮನೆಗೆ ಓಡಿದರು. ಅತ್ತೆಗೆ ಕಾಲು ಉಳುಕಿತ್ತಷ್ಟೇ. ಇಲ್ಲಿ ಮಾತ್ರ ಕೊಳವೆ ಕಟ್ಟಿಕೊಂಡು, ಇಡೀ ಯಂತ್ರವನ್ನು ಬೆಚ್ಚಗಾಗಿಸಿ ಮತ್ತೆ ತಣಿಸಬೇಕಾಯಿತು.

ಒಳಗಿದ್ದದ್ದು ಪಿಎಚ್‌ಡಿ ಹುಡುಗಿಯೊಬ್ಬಳು ವರ್ಷಗಟ್ಟಲೆ ಹೆಣಗಿ ಮಾಡಿದ ಕ್ವಾಂಟಂ ಚಿಪ್. ಅದರಲ್ಲಿ ಚೆನ್ನಾಗಿ ಬಂದಿದ್ದು ಒಂದೇ ಕ್ಯೂಬಿಟ್. ಬೆಚ್ಚಗಾದ ಮೇಲೆ ಅದು ಮೊದಲಿನಂತೆ ಇರುತ್ತದೆಂಬ ಭರವಸೆಯಿಲ್ಲ. ಹಳೇ ಯಂತ್ರ, ಕೈಕೊಟ್ಟಿತು ಎಂದು ಎಲ್ಲರೂ ಸುಮ್ಮನಾದರು. ಚಳಿಯಕ್ಕ ಸುಮ್ಮನಿರಲಿಲ್ಲ.

"ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಆದ್ರೆ ಆ ಮಗು ಅಳೋದು ನೋಡೋಕಾಗ್ಲಿಲ್ಲ. ಹೋಗಿ ಹೇಳ್ದೆ, ತಪ್ಪು ನಂದು ಅಂತ. ಎರಡು ದಿನ ಮಾತೇ ಆಡಲಿಲ್ಲ ಅವಳು. ಪಾಪ, ಅವಳ ಹೊಟ್ಟೆ ಉರಿಯಲ್ವಾ?" ಅಂದಿನಿಂದ ಸೋಸುಗ ಮುಟ್ಟುವ ಮೊದಲು ಅವರ ಫೋನು ಕಾವಲುಗಾರನ ಕೈಗೆ ಹೋಗುತ್ತದೆ. ಮನೆಯಲ್ಲಿ ಏನಾದರೂ ಆದರೆ ಅವನೇ ಓಡಿಬಂದು ಹೇಳಬೇಕು.

ಇವತ್ತು ಯಂತ್ರ ಮತ್ತೆ ತಣಿದಿದೆ. ಹುಡುಗಿ ಒಳಗೆ ಕೂತು ಆ ಕ್ಯೂಬಿಟ್ ಪರೀಕ್ಷಿಸುತ್ತಿದ್ದಾಳೆ. ಚಳಿಯಕ್ಕ ಚಹಾ ಪಕ್ಕಕ್ಕಿಟ್ಟು ಬಾಗಿಲನ್ನೇ ನೋಡುತ್ತಿದ್ದಾರೆ. ಕೊನೆಗೆ ಬಾಗಿಲು ತೆರೆಯುತ್ತದೆ.

"ಅಕ್ಕಾ, ಇದೆ. ಮೊದಲಿನ ಹಾಗೇ ಇದೆ."

ಚಳಿಯಕ್ಕ ಸ್ಟೂಲಿನ ಮೇಲೆ ಕೂರುತ್ತಾರೆ. ತೋಳಿಂದ ಕಣ್ಣೊರೆಸಿಕೊಳ್ಳುತ್ತಾರೆ. ಹುಡುಗಿಯ ಪ್ರಬಂಧದಲ್ಲಿ ನಿಮ್ಮ ಹೆಸರು ಬರಬೇಕಲ್ಲವೇ ಎಂದು ಕೇಳಿದರೆ, ಬಂದರೆ ಬರಲಿ ಎನ್ನುತ್ತಾರೆ.

"ಹೋದ ತಿಂಗಳು ಕೆಟ್ಟಿದ್ದು ಯಾಕೆ ಅಂತಾನೂ ಬರೀಲಿ. ಅವತ್ತು ಎಲ್ರೂ ಮಿಶಿನ್ನಿಗೇ ಬೈದ್ರು. ಪಾಪ, ಅದು ಚೆನ್ನಾಗೇ ಕೆಲಸ ಮಾಡ್ತಿತ್ತು."