ಮಂಗಳೂರಿನಲ್ಲಿ ಚಳಿಗೆ ಕಾದವರು

ಡಿಸೆಂಬರ್ ತಿಂಗಳ ನಡುಮಧ್ಯಾಹ್ನ, ಮಂಗಳೂರಿನ ನಮ್ಮ ಬಾಡಿಗೆ ಮನೆಯ ಜಗಲಿಯಲ್ಲಿ ಮಂಕಿ ಕ್ಯಾಪು ಹಾಕಿ, ಕಂಬಳಿ ಹೊದ್ದು, ಟವೆಲ್ಲಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ಕೂತಿರುತ್ತಿದ್ದವರು ಸಿದ್ದೇಗೌಡ ಮಾವ. ನಮ್ಮವ್ವನ ಅಣ್ಣ. ಅವ್ವ ಹೋದ ಮೇಲೆ ಹುಣಸೂರು ಹತ್ತಿರದ ಗಾವಡಗೆರೆಯಲ್ಲಿ ನನ್ನನ್ನು ಸಾಕಿದವರು. "ಇವರಿಗೆ ಜ್ವರವಾ ಮಾರಾಯ್ತಿ?" ಎಂದು ಪಕ್ಕದಲ್ಲೇ ಇದ್ದ ಮನೆಯೊಡತಿ ದಿನವೂ ಕೇಳುತ್ತಿದ್ದರು. ಜ್ವರವಲ್ಲ, ಕ್ಯಾಲೆಂಡರು. ಮಾರ್ಗಶಿರ ಬಂದಮೇಲೆ ಚಳಿ ಆಗಲೇಬೇಕು ಎಂಬುದು ಮಾವನ ಕಾನೂನು.

"ಬತ್ತದೆ ಕಣವ್ವ, ಎಲ್ಲೋಯ್ತದೆ? ಘಾಟಿ ಇಳಿಯಾಕೆ ವಸಿ ತಡ ಆಗಿರ್ಬೇಕು ಅಷ್ಟೆಯ," ಎನ್ನುತ್ತಿದ್ದರು, ಚಳಿಯೂ ಹುಣಸೂರಿನ ಬಸ್ಸಿನಲ್ಲೇ ಬರುವ ಹಾಗೆ.

ಅವರು ಬಂದದ್ದು ನನ್ನ ಬಸುರಿನ ಸಂಕಟಕ್ಕೆ. ನಾಲ್ಕು ತಿಂಗಳು ತುಂಬಿದ್ದರೂ ತಿಂದದ್ದೆಲ್ಲ ವಾಂತಿ. ಹೀಗಾದರೆ ಮಗು ಬೆಳೆಯುವುದಿಲ್ಲ, ಏನಾದರೂ ತಿನ್ನಿ, ಘಾಟಿಯ ಬಸ್ಸು ಮಾತ್ರ ಹತ್ತಬೇಡಿ ಎಂದು ಡಾಕ್ಟರಮ್ಮ ಹೆದರಿಸಿದ್ದರು. ಅವರೆಕಾಳು ಸಾರು, ಮುದ್ದೆ ತಿನ್ನೋ ಆಸೆ ಎಂದು ಫೋನಿನಲ್ಲಿ ಬಾಯಿತಪ್ಪಿ ಅಂದೆ. ಮೂರನೇ ದಿನಕ್ಕೆ ಮಾವ ಹಾಜರ್, ಜೊತೆಗೆ ಒಂದು ಮೂಟೆ ಅವರೆಕಾಯಿ. ಇಬ್ಬನಿ ಆರಬಾರದೆಂದು ಒದ್ದೆ ಗೋಣಿಯಲ್ಲಿ ಬಿಗಿದು ತಂದಿದ್ದರು. ಬಸ್ಸಿನ ಮೇಲೆ ದಿನವಿಡೀ ಬೆಂದು ಅರ್ಧ ಕೊಳೆತಿತ್ತು, ಮಿಕ್ಕರ್ಧದಲ್ಲಿ ಸೊಗಡೇ ಇರಲಿಲ್ಲ.

ಸೊಗಡು ಅಂದರೆ ನಮ್ಮ ಕಡೆ ಹುಡುಗಾಟವಲ್ಲ. ಇಬ್ಬನಿಯಲ್ಲಿ ನೆಂದ ಕಾಯಿಯ ಜಿಡ್ಡು, ಬಿಡಿಸಿದ ಕೈಯಲ್ಲಿ ಸಂಜೆವರೆಗೂ ಘಮ್ಮೆನ್ನಬೇಕು. ಮಾವ ಸೋಲೊಪ್ಪುವವರೇ? ವಾರಕ್ಕೆರಡು ಸಲ ಬಸ್ಸಿನ ಡ್ರೈವರ್ ಕೈಲಿ ಊರಿಂದ ಹೊಸ ಕಾಯಿ ತರಿಸಿ, ಇಬ್ಬನಿ ಬೀಳಲೆಂದು ಸಂಜೆ ತಾರಸಿ ಮೇಲೆ ಹರವಿದರು. ಬಿದ್ದದ್ದು ಕಾಗೆಯ ಹಿಕ್ಕೆ. ಬೆಳಿಗ್ಗೆ ಮೂಸಿ ನೋಡಿ, ಮುಖ ಸಿಂಡರಿಸಿ, "ಸೊಗಡಿಲ್ದಿದ್ನ ಬಸುರಿ ಎಂಗ್ಸಿಗೆ ಇಕ್ಕದಾ? ಅಳ್ಳೀಲಿ ಕೇಳುದ್ರೆ ಮಕಕ್ಕುಗೀತಾರೆ," ಎಂದು ಅಷ್ಟನ್ನೂ ಮನೆಯೊಡತಿಗೆ ಕೊಟ್ಟುಬಿಡುತ್ತಿದ್ದರು. ಆಕೆ ತೆಂಗಿನಕಾಯಿ ಅರೆದು ಹಾಕಿ ಪದಾರ್ಥ ಮಾಡಿ, "ಲಾಯಕ್ಕುಂಟು" ಎಂದು ನನ್ನೆದುರೇ ಹೊಗಳುವರು. ಬಯಕೆ ನನ್ನದು, ಊಟ ಅವರದು. ನನಗೆ ಗಂಜಿ, ಅದೂ ನಿಲ್ಲುತ್ತಿರಲಿಲ್ಲ.

ಹೀಗೆ ತಿಂಗಳು ಮುಗಿಯುತ್ತ ಬಂತು. ಒಂದು ಬೆಳಿಗ್ಗೆ ಮತ್ತೊಂದು ಚೀಲ ಪಕ್ಕದ ಮನೆ ಕಡೆ ಹೊರಟಾಗ ನನಗೆ ತಲೆ ಕೆಟ್ಟುಹೋಯಿತು.

"ನಿಮ್ ಚಳಿ ಬರೋಷ್ಟೊತ್ಗೆ ಈ ಮಗೀಗೆ ಮದ್ವೆ ವಯಸ್ಸಾಗ್ತದೆ! ಮಡಗಿ ಅದ್ನ ಇಲ್ಲಿ. ಹೊಟ್ಟೆ ಹಸೀತದೆ ಕಣ್ ಮಾವ ನಂಗೆ!"

ಮಾವ ನಿಂತುಬಿಟ್ಟರು. "ಏನಂದೆ? ಅಸೀತದಾ?"

ಎರಡು ತಿಂಗಳಿಂದ ನಾನು ಆ ಮಾತು ಆಡಿರಲಿಲ್ಲ. ಮಾವ ಟೋಪಿ ಕಿತ್ತೆಸೆದು ಅಡಿಗೆಮನೆಗೆ ನುಗ್ಗಿದರು. ತಾವೇ ಕಾಯಿ ಬಿಡಿಸಿ, ಸಾರು ಮಾಡಿ, ಮುದ್ದೆ ಕಟ್ಟಿದರು. ಒಂದು ಉಂಡೆ, ಇನ್ನೊಂದು ಕೇಳಿದೆ. ವಾಂತಿಯಾಗಲಿಲ್ಲ.

"ಸೊಗಡದಾ?"

"ಚೂರೂ ಇಲ್ಲ."

"ನಾ ಏಳ್ನಿಲ್ವಾ!" ಎಂದು ಗೆದ್ದವರ ಹಾಗೆ ನಕ್ಕರು. ಕಣ್ಣಲ್ಲಿ ನೀರಿತ್ತು.

ಮಾರನೆಯ ದಿನವೇ ಹೊರಟರು. "ಈ ಊರ್ಗೆ ಚಳಿ ಬರಾಕಿಲ್ಲ, ಬುಡು. ನೀ ಉಣ್ಣು," ಎಂದು ಬಸ್ ಹತ್ತುವಾಗ ಹೇಳಿದ್ದೇ ಕೊನೆ. ಯುಗಾದಿ ಹತ್ತಿರವಿದ್ದಾಗ ಒಂದು ದಿನ ಹೊಲದಿಂದ ಬಂದು ಎದೆನೋವೆಂದು ಮಲಗಿದವರು ಏಳಲಿಲ್ಲ. ಬರದ ಚಳಿಗೆ ಒಂದಿಡೀ ತಿಂಗಳು ಕಾದ ಮನುಷ್ಯನಿಗೆ, ಬರುವುದು ಗ್ಯಾರಂಟಿಯಿದ್ದ ಮಗುವಿಗೆ ಕಾಯಲು ಪುರುಸೊತ್ತಿರಲಿಲ್ಲ. ನನಗೆ ಅದೇ ಸಿಟ್ಟು.

ಡಾಕ್ಟರಮ್ಮನ ಮಾತು ಮೀರಿ ಘಾಟಿ ಹತ್ತಿ ಮಾವನ ಮಣ್ಣಿಗೆ ಹೋದವಳು ಊರಲ್ಲೇ ಉಳಿದೆ. ವೈಶಾಖದಲ್ಲಿ ಹುಣಸೂರಿನ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು. ನರ್ಸಮ್ಮ ತೂಕ ಹಾಕಿ, "ಗುಂಡ್‌ಗುಂಡ್‌ಗೆ ಅವ್ಳೆ, ಮೂರು ಕೇಜಿ!" ಎಂದರು.

"ಮಾವಂಗೆ ಹೇಳಿ ಕಳ್ಸಿ," ಎಂದುಬಿಟ್ಟೆ.