ಕಾಕಾ ಹಿಡಿದ ಸಿಂಹಮೀನು

ಧುಪದಾಳದಲ್ಲಿ ನಮ್ಮ ಹೊಳೆಗೆ ಕಟ್ಟಿದ ಒಡ್ಡಿನ ಬಾಗಿಲು ಹಾಕಿದರೆ ನೀರು ಇಳಿದು ಕೆಳಗಿನ ಬಂಡೆಗುಂಡಿಗಳಲ್ಲಿ ಮೀನುಗಳು ಸಿಕ್ಕಿಬೀಳುತ್ತವೆ. ನಮ್ಮ ಕಾಕಾ ಧೋತರ ಎತ್ತಿಕಟ್ಟಿ, ಅವನ್ನು ಬೊಗಸೆಯಲ್ಲಿ ಹಿಡಿದು ಹರಿಯುವ ನೀರಿಗೆ ಬಿಡುತ್ತಿದ್ದರು. ಜೈನರ ಮನೆಯಲ್ಲಿ ಇದೇನು ದೊಡ್ಡ ಮಾತಲ್ಲ. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಲು ಹೋದದ್ದೇ ದೊಡ್ಡ ಮಾತು. "ಕೊಯ್ಯೂದು ಕಲಿಯಾಕ ಹೊಂಟಿ ಏನ?" ಎಂದು ಕಾಕಾ ಕೆಣಕುತ್ತಿದ್ದರು.

ಓದು ಮುಗಿದ ವರ್ಷ ಅವರು ಬೆಲ್ಲದ ವ್ಯಾಪಾರಕ್ಕೆಂದು ಕಡಲತೀರದ ಮಾಲ್ವಣಕ್ಕೆ ಹೊರಟಾಗ ಅವರ ಹೆಂಡತಿ ಕಾಕೂ ಜೊತೆ ನಾನೂ ಹೋದೆ. ಇಳಿತದ ಹೊತ್ತು, ಸಮುದ್ರ ಹಿಂದೆ ಸರಿದಿತ್ತು. ಹವಳ ಕಟ್ಟಿದ ಬಂಡೆಗಳ ನಡುವೆ, ಸೋರಿಹೋಗುತ್ತಿದ್ದ ಒಂದು ಗುಂಡಿಯಲ್ಲಿ ಸಿಂಹಮೀನು ಕಂಡಿತು. ಕೆಂಪು-ಬಿಳಿ ಪಟ್ಟೆ, ಬೀಸಣಿಗೆಯಂತೆ ಹರಡಿದ ರೆಕ್ಕೆ. ಹಗಲು ಹವಳದ ಪೊಟರೆಯಲ್ಲಿ ಅಡಗಿ, ಸಂಜೆ ಹೊರಬಂದು, ಆ ರೆಕ್ಕೆಗಳಿಂದಲೇ ಸಣ್ಣ ಮೀನುಗಳನ್ನು ಮೂಲೆಗೊತ್ತಿ ನುಂಗುತ್ತದೆ. ಯಾರನ್ನು ಕಂಡರೂ ಓಡುವುದಿಲ್ಲ. ಬೆನ್ನಿನ, ಹೊಟ್ಟೆಯ ಮುಳ್ಳುಗಳಲ್ಲಿ ವಿಷವಿದೆ; ಮೈಬಣ್ಣವೇ ಅದರ ಎಚ್ಚರಿಕೆ. ಇಷ್ಟೆಲ್ಲ ಓದಿದ್ದೆ. ಹೇಳಲು ತಿರುಗುವಷ್ಟರಲ್ಲಿ ಕಾಕಾ ಬೊಗಸೆ ಹಾಕಿಯಾಗಿತ್ತು.

"ಕಾಕಾ, ಬ್ಯಾಡ್ರಿ!"

"ನೀರ ಹೊಂಟೈತಲ್ಲೋ, ಸಾಯ್ತೈತಿ ಅದು..."

ಮುಳ್ಳು ನಾಟಿ ಅವರ ಮುಖ ಒಮ್ಮೆಲೇ ಕಪ್ಪಿಟ್ಟಿತು. ಆದರೂ ಕೈ ಬಿಡಲಿಲ್ಲ. ತೂರಾಡುತ್ತ ಹೋಗಿ, ಮೀನನ್ನು ಸಮುದ್ರಕ್ಕೆ ಬಿಟ್ಟು ಅಲ್ಲೇ ಕುಸಿದರು. ಕಣ್ಣೆದುರೇ ಕೈ ಉಬ್ಬಿತು, ಉಸಿರು ಸಿಕ್ಕಿಕೊಂಡಿತು. ಸತ್ತೇಹೋಗುತ್ತಾರೆ ಎಂದುಕೊಂಡೆ.

ಕಾಕೂ ದಂಡೆಯಲ್ಲಿ ಕುಡಿಯುವ ನೀರು ಕಾಯಿಸುತ್ತಿದ್ದರು. ಕಾಯಿಸದ ನೀರು ನಾವು ಕುಡಿಯುವುದಿಲ್ಲ. ಆ ಬಿಸಿನೀರಿಗೇ ತಣ್ಣೀರು ಬೆರೆಸಿ, ತಾಳುವಷ್ಟು ಬಿಸಿಯಲ್ಲಿ ಗಂಡನ ಕೈ ಮುಳುಗಿಸಿದರು. ಆ ವಿಷದ ಜೋರು ಬಿಸಿಗೆ ಇಳಿಯುತ್ತದೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮುಳ್ಳು ಚುಚ್ಚಿದರೆ ಶಾಖ ಕೊಡುವುದು ಮನೆಯ ರೂಢಿ, ಅಷ್ಟೆ.

"ಅದರ ಜೀವ ಉಳಸಾಕ ಹೋಗಿ ನಿಮ್ಮ ಜೀವಕ್ಕ ಕುತ್ತ ತಂದ್ಕೊಂಡ್ರಿ," ಎಂದು ಅಳುತ್ತಲೇ ಬೈದರು.

ನೋವು ತುಸು ತಗ್ಗಿದ ಮೇಲೆ ಕಾಕಾ ಕೇಳಿದ್ದು ಒಂದೇ: "ತಮ್ಮಾ, ಈಜಿಕೊಂಡು ಹೋತೇನೋ?"

ನಾನು ನೋಡಿರಲಿಲ್ಲ.

ಕೈ ವಾಸಿಯಾಯಿತು, ಒಂದು ಬೆರಳು ಮಾತ್ರ ಪೂರ್ತಿ ಮಡಚುವುದಿಲ್ಲ. ವಾಸಿಯಾಗದವನು ನಾನು. ಮೂಡಲಗಿಯ ಸಂತೆಯಲ್ಲಿ ಯಾರಾದರೂ ಕೆಂಪು-ಬಿಳಿ ಪಟ್ಟೆಯ ಬಟ್ಟೆ ಬಿಡಿಸಿದರೆ ಬೆವರುತ್ತೇನೆ. ಒಡ್ಡಿನ ಬಾಗಿಲು ಹಾಕಿದ್ದಾರೆಂದು ಕೇಳಿದರೆ ಕೈಯಲ್ಲಿದ್ದದ್ದು ಬಿಟ್ಟು ಧುಪದಾಳಕ್ಕೆ ಓಡುತ್ತೇನೆ. ಮೊನ್ನೆಯೂ ಕಾಕಾ ಗುಂಡಿಗೆ ಬಗ್ಗಿದ್ದರು. ರಟ್ಟೆ ಹಿಡಿದೆ.

"ಬಿಡೋ, ಇವು ನಮ್ಮ ಹೊಳಿ ಮೀನ."

ನಮ್ಮ ಹೊಳೆಯಲ್ಲೂ ಮುಳ್ಳಿನಲ್ಲಿ ವಿಷವಿರುವ ಚೇಳುಮೀನು ಇದೆ. ಅವರನ್ನು ಹಿಂದೆ ಸರಿಸಿ ನಾನೇ ಕೂತು ಒಂದೊಂದನ್ನೂ ದಿಟ್ಟಿಸಿದೆ. ಕೈ ನೀರಿಗಿಳಿಯಲೊಲ್ಲದು.

"ಲಗೂನ ಎತ್ತಪಾ," ಎಂದರು ಕಾಕಾ. "ನೀರ ಹೊಂಟೈತಿ."