ನನ್ನ ನಡಿಗೆ ಅಳೆದಾಕೆ

ಆಕೆಯ ವಿಷಯ ಮೊದಲು ನನ್ನ ಕಿವಿಗೆ ಬಿದ್ದದ್ದು ಪಕ್ಕದ ಮನೆಯ ದರ್ಜಿಯ ಹೆಂಡತಿಯಿಂದ. ಇನ್ನೆರಡು ರೈಲು ಹಳಿ ಹಾಕುತ್ತಾರೆ, ಬೀದಿ ತುದಿಯ ರೈಲ್ವೆ ಗೇಟು ಮುಚ್ಚುತ್ತಾರೆ, ಅದರಿಂದ ಯಾರಿಗೇನು ತೊಂದರೆಯೆಂದು ಬರೆದುಕೊಳ್ಳಲು ಸರ್ಕಾರದವರೊಬ್ಬರು ಬಂದಿದ್ದಾರೆ ಎಂದು ಅವಳು ಓಡಿ ಬಂದು ಹೇಳಿದಳು.

"ಮನೇಲಿ ಒಂಬತ್ತು ಜನ ಅಂದೆ ದೊಡ್ಡಮ್ಮ. ಜನ ಜಾಸ್ತಿ ಇದ್ರೆ ತೊಂದರೆನೂ ಜಾಸ್ತಿ ಅಂತ ಬರ್ಕೋತಾರಲ್ಲ! ಆಯಮ್ಮ ಸೀದಾ ಬಚ್ಚಲಿಗೆ ಹೋಗಿ ಬ್ರಷ್ಷು ಎಣಿಸಿ, ‘ಉಳಿದ ಐದು ಜನ ಹಲ್ಲು ಉಜ್ಜೋದಿಲ್ವಾ?’ ಅಂದುಬಿಡೋದಾ!"

ಅಂದಿನಿಂದ ಬೀದಿಗೆಲ್ಲ ಆಕೆ ಬ್ರಷ್ಷಮ್ಮ.

ನನ್ನ ಮನೆಗೂ ಬಂದರು. ಐವತ್ತರ ಆಸುಪಾಸು, ಕಡ್ಡಿಯಂಥ ಮೈ, ಒಂದು ಕಡೆ ದಾರ ಸುತ್ತಿದ ಕನ್ನಡಕ. ಕುರ್ಚಿ ಕೊಟ್ಟರೆ ಬೇಡವೆಂದು ನೆಲದ ಮೇಲೇ ಕೂತರು. ನನ್ನ ಮನೆಯಲ್ಲಿ ಬ್ರಷ್ಷು ಒಂದೇ. ನಮ್ಮವರು ಹೋಗಿ ಹನ್ನೊಂದು ವರ್ಷ. ಆದರೆ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಲು ವಾರಕ್ಕೆ ಮೂರು ಸಲ ಗೇಟಿನಾಚೆಯ ಆಸ್ಪತ್ರೆಗೆ ಹೋಗಲೇಬೇಕು. ಗೇಟು ಮುಚ್ಚಿದರೆ ಸುತ್ತಿಕೊಂಡು ಹೋಗಿ ಹಳೆಯ ಮೇಲ್ಸೇತುವೆ ಹತ್ತಬೇಕು.

"ಇಂಜಿನಿಯರ್ರು ಹತ್ತು ನಿಮಿಷದ ದಾರಿ ಅಂತ ಬರೆದಿದ್ದಾರೆ."

"ಅವರ ಕಾಲಲ್ಲೋ, ನನ್ನ ಕಾಲಲ್ಲೋ?"

ಆಕೆ ಪೆನ್ನು ಕೆಳಗಿಟ್ಟರು. "ಏಳಿ ಅಮ್ಮ, ನೋಡೇಬಿಡೋಣ."

ಗಡಿಯಾರ ನೋಡಿಕೊಂಡು ಜೊತೆಗೇ ಬಂದರು. ನಾನು ಮೆಟ್ಟಿಲು ಮೆಟ್ಟಿಲಿಗೂ ನಿಂತೆ, ಚಪ್ಪಲಿ ಹೊಲಿಯುವವನ ಹತ್ತಿರ ಕೂತು ಅವನ ಮಗಳ ಬಾಣಂತನದ ಸುದ್ದಿ ಕೇಳಿದೆ. ಮೂವತ್ತೆಂಟು ನಿಮಿಷ. ಆಕೆ ಚಿಕ್ಕವರಿದ್ದಾಗ ಅವರ ಮನೆ ರಸ್ತೆಗೆ ಹೋಯಿತಂತೆ. "ಬಾಗಿಲು, ಕಿಟಕಿ ಎಲ್ಲಾ ಅಳೆದ್ರು. ನಮ್ಮಮ್ಮನ್ನ ಮಾತ್ರ ಯಾರೂ ಏನೂ ಕೇಳಲಿಲ್ಲ," ಎಂದರು.

ಇಂಜಿನಿಯರ್ ನಂಬಬೇಕಲ್ಲ. "ಮಾತಾಡಿದ ಹೊತ್ತು ಕಳೀರಿ ಮೇಡಂ," ಎಂದರಂತೆ.

"ಮಾತಾಡದೆ ನಡೆಯೋ ಮುದುಕೀನ ತೋರಿಸಿ ಸಾರ್, ಕಳೀತೀನಿ."

ಕೊನೆಗೆ ಅವರೇ ನೋಡಲು ಬಂದರು. ನಾನು ಎಡವಟ್ಟು ಮಾಡಿಕೊಂಡದ್ದು ಆವತ್ತೇ. ಬೀದಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು. ದರ್ಜಿಯ ಹೆಂಡತಿ ಕಿಸಕ್ಕೆಂದು, "ದೊಡ್ಡಮ್ಮ ಸಂಜೆಗಾದ್ರೂ ಮುಟ್ತಾರಾ?" ಎಂದಳು. ರೋಷ ಉಕ್ಕಿತು ನೋಡಿ! ಸೆರಗು ಬಿಗಿದೆ, ಹಲ್ಲು ಕಚ್ಚಿದೆ, ಮುಹೂರ್ತಕ್ಕೆ ತಡವಾದ ಬೀಗಿತಿಯಂತೆ ದಾಪುಗಾಲು ಹಾಕಿದೆ. ಚಪ್ಪಲಿ ಹೊಲಿಯುವವನು ಕರೆದರೂ ತಿರುಗಲಿಲ್ಲ. ಹದಿನಾಲ್ಕು ನಿಮಿಷ!

"ಅಜ್ಜಿ ನಮಗಿಂತ ಗಟ್ಟಿ," ಎಂದು ಇಂಜಿನಿಯರ್ ಚಪ್ಪಾಳೆ ತಟ್ಟಿದರು. ನಾನೂ ಉಬ್ಬಿದೆ. ಬ್ರಷ್ಷಮ್ಮನ ಮುಖ ನೋಡಿದ ಮೇಲೇ ನನ್ನ ಗೇಟನ್ನು ನಾನೇ ಮುಚ್ಚಿಕೊಂಡೆನೆಂದು ಹೊಳೆದದ್ದು.

ಆದರೆ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದರೆ ಹುಣ್ಣು ಬಾಯಿಬಿಟ್ಟು ರಕ್ತ ಒಸರುತ್ತಿತ್ತು. ಬ್ರಷ್ಷಮ್ಮ ಇಂಜಿನಿಯರನ್ನು ತೋಳು ಹಿಡಿದು ಒಳಗೆ ಎಳೆತಂದು ತೋರಿಸಿದರು. ಅವರು ಪೆಚ್ಚಾಗಿ, ಮಾಗಿದ ಮೇಲೆ ಇನ್ನೊಮ್ಮೆ ನೋಡೋಣ ಎಂದರು.

ಆ ಇನ್ನೊಮ್ಮೆ ನಲವತ್ತೊಂದು ನಿಮಿಷವಾಯಿತು. ಹಳಿಯ ಕೆಳಗೆ ನಡೆಯುವ ದಾರಿ ಬಂತು. ಅಷ್ಟರಲ್ಲಿ ಆಕೆ ಬೇರೆ ಯಾವುದೋ ಊರಿಗೆ ಹೋಗಿದ್ದರು. ಆ ಕೊನೆಯ ನಡಿಗೆಯ ದಿನ ಬೆಳಿಗ್ಗೆ ನನ್ನ ಬಾಗಿಲಲ್ಲಿ ನಿಂತು, ಕೈಮುಗಿದು, ಕಡೆಯದಾಗಿ ಒಂದೇ ಒಂದು ಕೇಳಿಕೊಂಡಿದ್ದರು:

"ಅಮ್ಮ, ನಿಮ್ಮ ದಮ್ಮಯ್ಯ, ಇವತ್ತೊಂದಿನ ಜಂಬಾನ ಮನೇಲೇ ಬಿಟ್ಟು ಬನ್ನಿ."